ನಿಂತು ಬೇಡ, ಕುಳಿತು ನೋಡಿಸಿ ಬಿ.ಪಿ.

ದೊಡ್ಡಬಳ್ಳಾಪುರದಲ್ಲಿ ಎರಡು ವಿದ್ಯುತ್ ಮಗ್ಗ ಇಟ್ಟುಕೊಂಡಿದ್ದ ನನ್ನ ದೂರದ ನೆಂಟರೊಬ್ಬರು ಒಂದು ಸಂಜೆ ಸೊಂಟನೋವಿಗೆ ಮಾತ್ರೆ ತರಲು ಔಷಧಿ ಅಂಗಡಿಗೆ ಹೋದರು. ಆಗ ಅವರಿಗೆ ಐವತ್ತೆರಡು ವರ್ಷ. ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಬಿ.ಪಿ. ನೋಡುವ ಯಂತ್ರವಿತ್ತು. "ನಂದೂ ಒಸಿ ನೋಡ್ಬಿಡಪ್ಪ" ಎಂದರು. ನಿಂತ ನಿಲುವಿನಲ್ಲೇ, ಅಂಗಿಯ ತೋಳಿನ ಮೇಲೆಯೇ ಪಟ್ಟಿ ಸುತ್ತಿ ಗುಂಡಿ ಒತ್ತಿದ್ದಾಯಿತು. ಯಂತ್ರ 168/102 ಎಂದು ತೋರಿಸಿತು. "ಜಾಸ್ತಿ ಐತೆ ಯಜಮಾನ್ರೆ, ಈ ಮಾತ್ರೆ ದಿನಕ್ಕೊಂದು ತಗೊಳ್ಳಿ" ಎಂದು ಅಂಗಡಿಯ ಹುಡುಗ ನೋವಿನ ಮಾತ್ರೆಯ ಜೊತೆಗೆ ಇನ್ನೊಂದು ಮಾತ್ರೆಯನ್ನೂ ಕಟ್ಟಿಕೊಟ್ಟ.

ಒಂದು ತಿಂಗಳು ನುಂಗಿದರು. ಮತ್ತೆ ಅದೇ ಅಂಗಡಿಯಲ್ಲಿ ನೋಡಿಸಿದಾಗ 130/84 ಬಂತು. "ನಾರ್ಮಲ್ ಆಗೈತೆ" ಎಂದ ಮೇಲೆ ಮಾತ್ರೆ ಏಕೆ ಬೇಕು? ನಿಲ್ಲಿಸಿಬಿಟ್ಟರು. ಏಳೆಂಟು ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಮಗ್ಗದ ಮುಂದೆಯೇ ಕುಸಿದರು. ಬಲಗೈ ಬಲಗಾಲು ಸ್ವಾಧೀನ ತಪ್ಪಿತ್ತು, ಮಾತು ತೊದಲುತ್ತಿತ್ತು. ಲಕ್ವ ಹೊಡೆದಿತ್ತು. ಈಗ ಕೋಲು ಹಿಡಿದು ಮನೆಯೊಳಗೆ ನಡೆದಾಡುತ್ತಾರೆ. ಎರಡು ಮಗ್ಗಗಳಲ್ಲಿ ಒಂದನ್ನು ಮಾರಿಯಾಗಿದೆ.

ಇಲ್ಲಿ ತಪ್ಪು ಯಾರದು? ನನ್ನ ವೈದ್ಯ ಮಿತ್ರರೊಬ್ಬರು, "ಔಷಧಿ ಅಂಗಡಿಯವರು ಬಿ.ಪಿ. ನೋಡುವುದನ್ನೇ ನಿಲ್ಲಿಸಬೇಕು" ಎಂದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಅವರ ಮಾತನ್ನು ನಾನು ಒಪ್ಪುವುದಿಲ್ಲ. ಆ ಅಂಗಡಿ ಇಲ್ಲದಿದ್ದರೆ ತಮಗೆ ರಕ್ತದೊತ್ತಡವಿದೆ ಎಂಬ ಸುಳಿವೇ ಆ ನೇಕಾರರಿಗೆ ಸಿಗುತ್ತಿರಲಿಲ್ಲ. ಅಂಗಡಿ ಅಳೆದದ್ದು ತಪ್ಪಲ್ಲ. ಅಳೆದ ರೀತಿ ತಪ್ಪು, ಅಳೆದ ನಂತರ ಆದದ್ದು ಅದಕ್ಕಿಂತ ದೊಡ್ಡ ತಪ್ಪು.

ಮನೆಗೆ ಹತ್ತಿರದ ಬಾಗಿಲು

ನಮ್ಮ ನಾಲ್ಕು ತಾಲ್ಲೂಕುಗಳ ದುಡಿಯುವ ಜನರ ದಿನಚರಿಯನ್ನು ಸ್ವಲ್ಪ ನೋಡಿ. ದೊಡ್ಡಬಳ್ಳಾಪುರದ ನೇಕಾರ ಮಗ್ಗ ನಿಲ್ಲಿಸಿದರೆ ಅಂದಿನ ಕೂಲಿ ಇಲ್ಲ. ನೆಲಮಂಗಲದ ಲಾರಿ ಚಾಲಕ ಊರಿನಲ್ಲಿರುವುದೇ ವಾರಕ್ಕೆರಡು ದಿನ. ದೇವನಹಳ್ಳಿಯಲ್ಲಿ 2008ರಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಹಗಲು ರಾತ್ರಿ ಪಾಳಿಯಲ್ಲಿ ದುಡಿಯುವವರು ಹೆಚ್ಚಿದ್ದಾರೆ. ಹೊಸಕೋಟೆಯ ಕಾರ್ಖಾನೆಗಳಲ್ಲೂ ಅಷ್ಟೆ. ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗ ತೆರೆದಿರುವ ವೇಳೆಯಲ್ಲಿ ಇವರೆಲ್ಲ ಕೆಲಸದಲ್ಲಿರುತ್ತಾರೆ. ಮೈಯಲ್ಲಿ ಏನೂ ತೊಂದರೆ ಇಲ್ಲದಿರುವಾಗ ಅರ್ಧ ದಿನದ ಕೂಲಿ ಕಳೆದುಕೊಂಡು ಸರದಿಯಲ್ಲಿ ನಿಲ್ಲುವವರು ಯಾರು? ಔಷಧಿ ಅಂಗಡಿಯಾದರೋ ರಾತ್ರಿ ಒಂಬತ್ತರವರೆಗೂ ತೆರೆದಿರುತ್ತದೆ. ಅಂಗಡಿಯವರು ಪರಿಚಿತರು. ಚೀಟಿ ಮಾಡಿಸಬೇಕಾಗಿಲ್ಲ, ಕಾಯಬೇಕಾಗಿಲ್ಲ.

ಇದು ನಮ್ಮಲ್ಲಿ ಮಾತ್ರ ಇರುವ ಪದ್ಧತಿಯೂ ಅಲ್ಲ. ಇಂಗ್ಲೆಂಡಿನಲ್ಲಿ 2021ರ ಅಕ್ಟೋಬರಿನಿಂದ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯೇ ನಲವತ್ತು ವರ್ಷ ದಾಟಿದವರ ರಕ್ತದೊತ್ತಡವನ್ನು ಔಷಧಿ ಅಂಗಡಿಗಳಲ್ಲಿ ಉಚಿತವಾಗಿ ಅಳೆಯುವ ಏರ್ಪಾಡು ಮಾಡಿದೆ. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಒಂದು ಹೆಜ್ಜೆ ಮುಂದೆ ಹೋಗಿ, ಕ್ಷೌರದಂಗಡಿಗಳಿಗೇ ತರಬೇತಾದ ಫಾರ್ಮಸಿಸ್ಟರನ್ನು ಕಳಿಸಿ, ವೈದ್ಯರ ಒಪ್ಪಿಗೆಯೊಂದಿಗೆ ಕಪ್ಪು ಜನಾಂಗದ ಗಂಡಸರಿಗೆ ಚಿಕಿತ್ಸೆ ಕೊಡಿಸಿದರು. 2018ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಆರು ತಿಂಗಳಲ್ಲಿ ಅವರ ಮೇಲಿನ ಒತ್ತಡ ಸರಾಸರಿ 27ರಷ್ಟು ಇಳಿದಿತ್ತು. ಬರೀ ಸಲಹೆ ಪಡೆದವರಲ್ಲಿ ಇಳಿದದ್ದು 9ರಷ್ಟು ಮಾತ್ರ. ಜನ ಇರುವಲ್ಲಿಗೇ ಪರೀಕ್ಷೆ ಹೋದರೆ ಫಲವಿದೆ. ಆದರೆ ಅಲ್ಲೆಲ್ಲ ಅಳೆಯುವವರಿಗೆ ತರಬೇತಿ ಇತ್ತು, ಅಳತೆಯ ಹಿಂದೆ ಒಬ್ಬ ವೈದ್ಯರಿದ್ದರು ಎಂಬುದನ್ನು ಮರೆಯಬಾರದು.

ಸದ್ದಿಲ್ಲದ ಶತ್ರು

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ. ಆದರೆ ರಕ್ತದೊತ್ತಡ ಅಂಗೈ ಹುಣ್ಣಲ್ಲ. "ನನಗೆ ತಲೆಸುತ್ತಿಲ್ಲ, ತಲೆನೋವಿಲ್ಲ, ಬಿ.ಪಿ. ಹೇಗಿದ್ದೀತು?" ಎಂದು ಕೇಳುವವರು ಪ್ರತಿ ಮನೆಯಲ್ಲೂ ಇದ್ದಾರೆ. ಹೆಚ್ಚಿನವರಲ್ಲಿ ಅದು ಯಾವ ಲಕ್ಷಣವನ್ನೂ ತೋರಿಸದೆ ವರ್ಷಗಟ್ಟಲೆ ಇದ್ದು ಮಿದುಳು, ಹೃದಯ, ಮೂತ್ರಪಿಂಡ, ಕಣ್ಣುಗಳ ರಕ್ತನಾಳಗಳನ್ನು ಹಾಳು ಮಾಡುತ್ತದೆ. ಅಳೆದು ನೋಡದೆ ತಿಳಿಯುವ ದಾರಿಯೇ ಇಲ್ಲ.

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ಶೇಕಡಾ 24 ಮಂದಿಗೆ, ಹೆಂಗಸರಲ್ಲಿ ಶೇಕಡಾ 21 ಮಂದಿಗೆ ಅಧಿಕ ರಕ್ತದೊತ್ತಡವಿದೆ, ಇಲ್ಲವೇ ಅದಕ್ಕಾಗಿ ಅವರು ಮಾತ್ರೆ ಸೇವಿಸುತ್ತಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಲೆಕ್ಕದಂತೆ ಜಗತ್ತಿನಲ್ಲಿ 30ರಿಂದ 79 ವರ್ಷದೊಳಗಿನ 128 ಕೋಟಿ ಜನರಿಗೆ ಈ ತೊಂದರೆಯಿದೆ. ಅವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ಅದು ಗೊತ್ತೇ ಇಲ್ಲ.

ಅಳೆಯುವ ಕ್ರಮ

ತೋಳಿಗೆ ಪಟ್ಟಿ ಸುತ್ತಿ ಒತ್ತಡ ಅಳೆಯುವ ಸಾಧನವನ್ನು ಇಟಲಿಯ ರಿವಾ ರೋಚಿ 1896ರಲ್ಲಿ ತಯಾರಿಸಿದರು. ಸ್ಟೆತಾಸ್ಕೋಪಿನಿಂದ ನಾಡಿಯ ಸದ್ದು ಕೇಳಿ ಮೇಲಿನ ಮತ್ತು ಕೆಳಗಿನ ಅಂಕಿಗಳನ್ನು ಗುರುತಿಸುವ ವಿಧಾನವನ್ನು ರಷ್ಯಾದ ಕೊರೊಟ್ಕೊವ್ 1905ರಲ್ಲಿ ವಿವರಿಸಿದರು. ಈಗ ಪಾದರಸದ ಯಂತ್ರಗಳು ಮರೆಯಾಗುತ್ತಿವೆ. ಗುಂಡಿ ಒತ್ತಿದರೆ ಅಂಕಿ ತೋರಿಸುವ ಯಂತ್ರಗಳು ಬಂದಿವೆ. ಯಂತ್ರ ಬದಲಾದರೂ ಅಳೆಯುವಾಗ ಪಾಲಿಸಬೇಕಾದ ನಿಯಮ ಬದಲಾಗಿಲ್ಲ.

ಅಳೆಯುವ ಮುನ್ನ ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಅದಕ್ಕೆ ಅರ್ಧ ಗಂಟೆ ಮೊದಲಿನಿಂದ ಕಾಫಿ, ಚಹಾ, ಬೀಡಿ, ಸಿಗರೇಟು ಕೂಡದು. ಮೂತ್ರಕ್ಕೆ ಹೋಗಿ ಬಂದಿರಬೇಕು. ಬೆನ್ನಿಗೆ ಒರಗು ಇರಬೇಕು, ಪಾದಗಳು ನೆಲದ ಮೇಲಿರಬೇಕು, ಕಾಲ ಮೇಲೆ ಕಾಲು ಹಾಕಬಾರದು. ತೋಳು ಬರಿದಾಗಿರಬೇಕು ಮತ್ತು ಎದೆಯ ಮಟ್ಟದಲ್ಲಿ ಮೇಜಿನ ಮೇಲೆ ಒರಗಿರಬೇಕು. ಅಳೆಯುವಾಗ ಮಾತು ಬೇಡ. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ಅಳೆಯಬೇಕು.

ಇದೆಲ್ಲ ಅತಿಯಾಯಿತು ಎನ್ನುವಿರಾ? ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 2024ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೈಯನ್ನು ಮೇಜಿನ ಮೇಲಿಡದೆ ಪಕ್ಕಕ್ಕೆ ಇಳಿಬಿಟ್ಟಾಗ ಮೇಲಿನ ಅಂಕಿ ಸರಾಸರಿ ಆರೂವರೆಯಷ್ಟು ಹೆಚ್ಚು ಬಂದಿತ್ತು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೂ ಇಲ್ಲದ ಬಿ.ಪಿ. ಇದೆಯೆಂದು ತೋರಬಹುದು. ಬಿಸಿಲಿನಲ್ಲಿ ನಡೆದು ಬಂದು, ಏದುಸಿರು ಬಿಡುತ್ತ, ಅಂಗಡಿಯವರೊಡನೆ ಮಳೆ ಬೆಳೆ ಮಾತಾಡುತ್ತ, ನಿಂತೇ ನೋಡಿಸಿದ ಅಂಕಿಯನ್ನು ನಂಬಿ ಜೀವನಪರ್ಯಂತ ನುಂಗುವ ಮಾತ್ರೆಯನ್ನು ಶುರು ಮಾಡುವುದು ವಿವೇಕವಲ್ಲ.

ವಯಸ್ಕರಲ್ಲಿ ರಕ್ತದೊತ್ತಡ 120/80ಕ್ಕಿಂತ ಕಡಿಮೆ ಇದ್ದರೆ ಒಳ್ಳೆಯದು. ಬೇರೆ ಬೇರೆ ದಿನಗಳಲ್ಲಿ ಕ್ರಮವಾಗಿ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಅಧಿಕ ರಕ್ತದೊತ್ತಡ. ಒಂದು ಸಲದ ಅಂಕಿ ಸೂಚನೆ ಮಾತ್ರ, ತೀರ್ಪಲ್ಲ. ಆದರೆ ಅಂಕಿ 180/120 ದಾಟಿ, ಜೊತೆಗೆ ಎದೆನೋವು, ಉಸಿರಾಟದ ಕಷ್ಟ, ಕೈಕಾಲು ಬಲಹೀನತೆ, ಮಾತು ತೊದಲುವುದು ಅಥವಾ ದೃಷ್ಟಿ ಮಂಜಾಗುವುದು ಕಂಡರೆ ಮರುದಿನಕ್ಕೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಅಳತೆ ಬೇರೆ, ಚಿಕಿತ್ಸೆ ಬೇರೆ

ಕಾನೂನು ಇಲ್ಲಿ ಸ್ಪಷ್ಟವಾಗಿದೆ. ರಕ್ತದೊತ್ತಡದ ಮಾತ್ರೆಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ. ಚೀಟಿಯ ಔಷಧಿಯನ್ನು ನೋಂದಾಯಿತ ಫಾರ್ಮಸಿಸ್ಟರೇ ಕೊಡಬೇಕು. ಇದು ಕೇವಲ ಕಾಗದದ ನಿಯಮವಲ್ಲ. ಯಾರಿಗೆ ಯಾವ ಮಾತ್ರೆ ಎಂಬುದು ಅವರ ಮೂತ್ರಪಿಂಡ, ಸಕ್ಕರೆ ಕಾಯಿಲೆ, ವಯಸ್ಸುಗಳನ್ನು ಅವಲಂಬಿಸುತ್ತದೆ. ಕೆಲವು ಬಿ.ಪಿ. ಮಾತ್ರೆಗಳು ಗರ್ಭಿಣಿಯರ ಹೊಟ್ಟೆಯ ಮಗುವಿಗೆ ಹಾನಿಕರ. ಗಲ್ಲಾಪೆಟ್ಟಿಗೆಯ ಹುಡುಗನಿಗೆ ಇದೆಲ್ಲ ತಿಳಿಯುವುದು ಹೇಗೆ?

ನಮ್ಮ ನೆಂಟರ ಕಥೆಯಲ್ಲಿ ಯಾರೂ ಗಮನಿಸದ ಇನ್ನೊಂದು ಸಂಗತಿಯಿದೆ. ಡೈಕ್ಲೊಫೆನಾಕ್, ಐಬುಪ್ರೊಫೆನ್‌ಗಳಂತಹ ನೋವಿನ ಮಾತ್ರೆಗಳು ರಕ್ತದೊತ್ತಡವನ್ನು ಏರಿಸಬಲ್ಲವು. ಬಿ.ಪಿ. ಮಾತ್ರೆಯ ಕೆಲಸವನ್ನೂ ಕುಂದಿಸಬಲ್ಲವು. ದಿನವಿಡೀ ಮಗ್ಗದ ಮುಂದೆ ನಿಲ್ಲುವವರು ಸೊಂಟನೋವಿಗೆ ಇಂತಹವನ್ನು ಪದೇ ಪದೇ ನುಂಗುವುದುಂಟು. ಒಂದೇ ಅಂಗಡಿಯಿಂದ ಒಂದೇ ಪೊಟ್ಟಣದಲ್ಲಿ ಬಿ.ಪಿ. ಏರಿಸುವ ಮಾತ್ರೆಯೂ ಇಳಿಸುವ ಮಾತ್ರೆಯೂ ಮನೆಗೆ ಬಂದಿರಬಹುದು. ಒಬ್ಬ ಒಳ್ಳೆಯ ಫಾರ್ಮಸಿಸ್ಟ್ ಅಲ್ಲಿದ್ದಿದ್ದರೆ ಮೊದಲು ಕೇಳುತ್ತಿದ್ದ ಪ್ರಶ್ನೆಯೇ, "ಬೇರೆ ಏನು ಮಾತ್ರೆ ತಗೊಳ್ತಿದೀರಿ?" ಎಂಬುದು.

ಇನ್ನು ಮಾತ್ರೆ ನಿಲ್ಲಿಸುವ ವಿಚಾರ. 130/84 ಬಂದದ್ದು ಕಾಯಿಲೆ ಹೋಯಿತೆಂದಲ್ಲ, ಮಾತ್ರೆ ಕೆಲಸ ಮಾಡುತ್ತಿದೆ ಎಂದು. ಕೊಡೆ ಹಿಡಿದವನು ನೆನೆಯಲಿಲ್ಲವೆಂದರೆ ಮಳೆ ನಿಂತಿದೆ ಎಂದರ್ಥವೇ? ಈ ಒಂದು ಮಾತನ್ನು ಅಂದು ಯಾರಾದರೂ ಹೇಳಿದ್ದರೆ ಇಂದು ಆ ಮನೆಯಲ್ಲಿ ಎರಡು ಮಗ್ಗಗಳ ಸದ್ದು ಕೇಳಿಸುತ್ತಿದ್ದೀತು.

ಮಾಡಬೇಕಾದ್ದೇನು?

ಅಂಗಡಿ ಮಾಲೀಕರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಒರಗಿರುವ ಒಂದು ಕುರ್ಚಿ, ತೋಳಿಡಲು ಒಂದು ಮೇಜು, ಎರಡು ಅಳತೆಯ ಪಟ್ಟಿ, ಆಗಾಗ ಪರೀಕ್ಷಿಸಿದ ಯಂತ್ರ, ಬಂದವರಿಗೆ ಐದು ನಿಮಿಷದ ಬಿಡುವು ಇರಲಿ. ದಿನಾಂಕ, ವೇಳೆ, ಎರಡು ಸಲದ ಅಂಕಿಗಳನ್ನು ಬರೆದ ಚೀಟಿ ಕೊಡಿ. ಹೆಚ್ಚಿದ್ದರೆ ಮಾತ್ರೆಯ ಬದಲು "ಡಾಕ್ಟರಿಗೆ ಈ ಚೀಟಿ ತೋರಿಸಿ" ಎಂಬ ಮಾತನ್ನು ಕೊಡಿ. ಹೀಗೆ ಮಾಡಿದ ಅಂಗಡಿಯ ಮೇಲೆ ಜನರ ನಂಬಿಕೆ ಹೆಚ್ಚುತ್ತದೆಯೇ ಹೊರತು ವ್ಯಾಪಾರ ಕೆಡುವುದಿಲ್ಲ.

ಸರ್ಕಾರದ ಕಡೆಯಿಂದ ಏರ್ಪಾಡುಗಳಿಲ್ಲದೆ ಇಲ್ಲ. ಹಳ್ಳಿಗಳ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಮೂವತ್ತು ದಾಟಿದವರ ಬಿ.ಪಿ. ತಪಾಸಣೆಯೂ ಮಾತ್ರೆಯೂ ಉಚಿತ. ರಾಜ್ಯ ಸರ್ಕಾರ 2024ರಲ್ಲಿ ಕೋಲಾರ ಜಿಲ್ಲೆಯಲ್ಲಿ ಆರಂಭಿಸಿದ ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆ ಬಾಗಿಲಿಗೇ ಬಂದು ತಪಾಸಣೆ ಮಾಡುತ್ತಾರೆ. ಆದರೆ ಅಂಗಡಿಯ ಚೀಟಿಗೂ ಆರೋಗ್ಯ ಕೇಂದ್ರದ ದಾಖಲೆಗೂ ಕೊಂಡಿ ಇಲ್ಲ. ಔಷಧಿ ಅಂಗಡಿಯವರಿಗೆ ಒಂದು ದಿನದ ತರಬೇತಿ ಕೊಟ್ಟು, ಅವರ ಚೀಟಿಯನ್ನು ಆರೋಗ್ಯ ಕೇಂದ್ರದಲ್ಲಿ ಗೌರವಿಸಿದರೆ ಈ ಕೊರತೆ ತುಂಬೀತು. ವಾರಕ್ಕೊಂದು ಸಂಜೆಯಾದರೂ ಕೇಂದ್ರಗಳು ತೆರೆದಿದ್ದರೆ ನೇಕಾರರೂ ಪಾಳಿ ಕೆಲಸದವರೂ ಬಂದಾರು.

ಉಳಿದದ್ದು ನಮ್ಮ ಪಾಲಿನದು. ಮನೆಯಲ್ಲಿ ಮೂವತ್ತು ದಾಟಿದವರೆಲ್ಲ ವರ್ಷಕ್ಕೊಮ್ಮೆಯಾದರೂ ಬಿ.ಪಿ. ನೋಡಿಸಿ. ಮಕ್ಕಳ ಹಳೆಯ ನೋಟ್ ಪುಸ್ತಕದಲ್ಲಿ ಒಂದು ಹಾಳೆಯನ್ನು ಅದಕ್ಕೆಂದೇ ಇಟ್ಟು ಅಂಕಿಗಳನ್ನು ಬರೆದಿಡಿ. ಉಪ್ಪು ಎಲ್ಲ ಸೇರಿ ದಿನಕ್ಕೆ ಒಂದು ಟೀ ಚಮಚಕ್ಕಿಂತ ಕಡಿಮೆ ಇರಲಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳ ಉಪ್ಪೂ ಆ ಲೆಕ್ಕಕ್ಕೇ ಸೇರುತ್ತದೆ. ವೈದ್ಯರು ಕೊಟ್ಟ ಮಾತ್ರೆಯನ್ನು ವೈದ್ಯರೇ ನಿಲ್ಲಿಸಲಿ.

ನಾಳೆ ಸಂಜೆ ಅಂಗಡಿಗೆ ಹೋದಾಗ ಬಿ.ಪಿ. ನೋಡಿಸಲು ಸಂಕೋಚ ಬೇಡ. ಆದರೆ ಮೊದಲು, "ಕೂತ್ಕೊಳ್ಳೋಕೆ ಒಂದು ಕುರ್ಚಿ ಕೊಡಪ್ಪ" ಎಂದು ಕೇಳಿ.