ಎಳೆಗರುವಿಗೆ ಕಾವು: ಹಿತವೆಷ್ಟು, ಅಪಾಯವೆಷ್ಟು?

ಮಾರ್ಗಶಿರ ಮಾಸ ಕಾಲಿಡುತ್ತಲೇ ಘಟಪ್ರಭೆಯ ದಂಡೆಯ ಊರುಗಳಲ್ಲಿ ರಾತ್ರಿಯ ಗಾಳಿ ಚುರುಕಾಗುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಕಬ್ಬಿನ ಕಟಾವು ಭರದಿಂದ ಸಾಗುವ ಕಾಲವೂ ಇದೇ. ಈ ದಿನಗಳಲ್ಲಿ ಆಕಳು, ಎಮ್ಮೆ ಈದ ಮನೆಯವರಿಗೆ ಎಳೆಗರುವಿನ ನಡುಕವನ್ನು ಕಂಡು ಮನಸ್ಸು ತಡೆಯದು. ಕೂಡಲೇ ಕೆಂಡದ ಶೇಗಡಿಯನ್ನು ತಂದಿಡುತ್ತಾರೆ, ಇಲ್ಲವೇ ವಯರಿಗೆ ಒಂದು ಬಲ್ಬನ್ನು ತೂಗುಬಿಡುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಒಣಗಿದ ರವದಿ, ಕಣಿಕೆ ತುಂಬಿದ ಕೊಟ್ಟಿಗೆಯಲ್ಲಿ ಒಂದು ಕಿಡಿ ಬಿದ್ದರೆ ಕರುವಿನೊಡನೆ ತಾಯಿಯೂ, ಮನೆಯ ಜೀವನಾಧಾರವೂ ಹೋದಂತೆಯೇ ಸರಿ.

ಹಲ್ಲಿ, ಓತಿಕ್ಯಾತಗಳು ಮೈಯ ಶಾಖಕ್ಕೆ ಹೊರಗಿನ ಕಾವನ್ನೇ ನಂಬಿವೆ. ಬಿಸಿಲಿಗೆ ಬಂದು ಮೈ ಕಾಯಿಸಿಕೊಂಡು, ಕಾವು ಹೆಚ್ಚಾದೊಡನೆ ನೆರಳಿಗೆ ಸರಿಯುತ್ತವೆ. ಇಂತಹ ಜೀವಿಗಳನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕುವವರು ಒಂದು ಬದಿಗೆ ಮಾತ್ರ ಕಾವು ಕೊಟ್ಟು, ಇನ್ನೊಂದು ಬದಿಯನ್ನು ತಂಪಾಗಿಡುವುದು ಇದಕ್ಕಾಗಿಯೇ. ಕರು ಹಾಗಲ್ಲ; ತನ್ನ ಶಾಖವನ್ನು ತಾನೇ ಉತ್ಪಾದಿಸಬಲ್ಲದು. ಆರೋಗ್ಯವಂತ ಕರುವಿನ ಮೈಶಾಖ 38.5ರಿಂದ 39.5 ಡಿಗ್ರಿ ಸೆಲ್ಸಿಯಸ್. ಆದರೆ ಹುಟ್ಟಿದ ಮೊದಲ ದಿನಗಳಲ್ಲಿ ಅದರ ಮೈಯಲ್ಲಿ ಕೊಬ್ಬಿನ ಸಂಗ್ರಹ ಬಹಳ ಕಡಿಮೆ. ಮೈ ಹಸಿಯಾಗಿದ್ದರೆ ಇದ್ದ ಶಾಖವೂ ಬೇಗ ಸೋರಿಹೋಗುತ್ತದೆ.

ಆದ್ದರಿಂದ ದೀಪಕ್ಕಿಂತ ಮೊದಲು ಮಾಡತಕ್ಕ ಕೆಲಸಗಳುಂಟು. ಕರು ಬಿದ್ದೊಡನೆ ಒಣ ಬಟ್ಟೆಯಿಂದ ಮೈಯನ್ನು ಚೆನ್ನಾಗಿ ಒರೆಸಬೇಕು. ಒಂದೆರಡು ತಾಸಿನೊಳಗೆ ಗಿಣ್ಣು ಹಾಲನ್ನು ಕುಡಿಸಬೇಕು. ರೋಗ ತಡೆಯುವ ಶಕ್ತಿಯೂ, ಶಾಖಕ್ಕೆ ಬೇಕಾದ ಇಂಧನವೂ ಅದರಲ್ಲಿವೆ. ಮಲಗಿದ ಕರುವಿನ ಕಾಲುಗಳು ಮುಚ್ಚುವಷ್ಟು ದಪ್ಪನಾಗಿ ಒಣ ಹುಲ್ಲನ್ನು ಹಾಸಿ, ಹಸಿಯಾದುದನ್ನು ದಿನವೂ ತೆಗೆಯಬೇಕು. ಗಾಳಿ ನುಗ್ಗುವ ಬದಿಗೆ ಗೋಣಿತಟ್ಟನ್ನು ಕಟ್ಟಿರಿ. ಆದರೆ ಕೊಟ್ಟಿಗೆಯನ್ನು ಪೂರ್ತಿ ಮುಚ್ಚಬೇಡಿರಿ. ಗಂಜಲದ ಘಾಟು ಒಳಗೇ ನಿಂತರೆ ಕರುವಿನ ಶ್ವಾಸಕೋಶಕ್ಕೆ ಕೇಡು.

ಇಷ್ಟಾದ ಮೇಲೂ ಕಾವು ಬೇಕೆನಿಸಿದರೆ ಕೆಂಡದ ಶೇಗಡಿ ಬೇಡ. ಇದ್ದಿಲಿನಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಜಾಗದಲ್ಲಿ ಅದು ಕರುವನ್ನೂ, ಕಾವಲಿಗೆ ಮಲಗಿದವರನ್ನೂ ನಿದ್ದೆಯಲ್ಲಿಯೇ ಕೊಲ್ಲಬಲ್ಲದು. ಇಂದಿನ 9 ವ್ಯಾಟಿನ ಎಲ್‌ಇಡಿ ದೀಪ ಬೆಳಕು ಕೊಟ್ಟೀತೇ ಹೊರತು ಕರುವನ್ನು ಬೆಚ್ಚಗಾಗಿಸದು. ಕಾವಿಗಾಗಿಯೇ ಮಾಡಿದ ದೀಪವನ್ನು ತರುವುದಾದರೆ ಪಿಂಗಾಣಿ ಹೋಲ್ಡರು, ಸುತ್ತಲೂ ತಂತಿಯ ಬಲೆ, ತೂಗುಹಾಕಲು ಕಬ್ಬಿಣದ ಸರಪಳಿ ಇರಲೇಬೇಕು. ವಯರಿನ ಮೇಲೆ ಭಾರ ಬೀಳಕೂಡದು. ದೀಪ ಹಾಸಿನಿಂದ ಮೂರಡಿಗಿಂತ ಎತ್ತರದಲ್ಲಿ, ತಾಯಿಯ ಕೋಡಿಗೂ ಕರುವಿನ ಬಾಯಿಗೂ ನಿಲುಕದಂತಿರಲಿ. ಕರುವಿನ ಬೆನ್ನಿನ ಮಟ್ಟದಲ್ಲಿ ನಿಮ್ಮ ಮುಂಗೈಯನ್ನು ಅರ್ಧ ನಿಮಿಷ ಹಿಡಿದು ನೋಡಿರಿ. ನಿಮಗೆ ಸುಟ್ಟರೆ ಅದಕ್ಕೂ ಸುಡುತ್ತದೆ. ಹಸಿ ನೆಲದ ಕೊಟ್ಟಿಗೆಗೆ ಸೋರಿಕೆ ವಿದ್ಯುತ್ತನ್ನು ಕಡಿಯುವ 30 ಮಿಲಿಆಂಪಿಯರಿನ ಸ್ವಿಚ್ಚನ್ನು ಬಲ್ಲವರಿಂದ ಹಾಕಿಸುವುದು ಲೇಸು.

ಹಲ್ಲಿಯ ಪೆಟ್ಟಿಗೆಯ ನಿಯಮ ಇಲ್ಲಿಯೂ ಸಲ್ಲುತ್ತದೆ. ಕಾವು ಒಂದು ಮೂಲೆಗೆ ಮಾತ್ರ ಇರಲಿ, ಸರಿದುಹೋಗಲು ಎಡೆಯೂ ಇರಲಿ. ದೀಪದ ಕೆಳಗೆ ಗಿಡ್ಡ ಹಗ್ಗದಿಂದ ಕಟ್ಟಿದ ಕರುವಿಗೆ ಬೇರೆ ದಾರಿಯಿಲ್ಲ. ಅದು ದೀಪದಿಂದ ದೂರ ಹೋಗಿ ಮಲಗಿದರೆ ಕಾವು ಹೆಚ್ಚಾಯಿತೆಂದು ತಿಳಿಯಿರಿ.

ಇನ್ನೊಂದು ಮಾತು. ಗೋಕಾಕ, ಮೂಡಲಗಿಗಳಿಗೆ ವಿದ್ಯುತ್ತು ಹೆಸ್ಕಾಂನಿಂದ ಬರುತ್ತದೆ, ಹುಕ್ಕೇರಿಗೆ 1969ರಲ್ಲಿ ಆರಂಭವಾದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದಿಂದ. ಯಾರ ವಿದ್ಯುತ್ತೇ ಆಗಲಿ, ನಡುರಾತ್ರಿಯಲ್ಲಿ ನಿಂತುಹೋಗಬಹುದು. ಆಗ ಕರುವನ್ನು ಕಾಯುವುದು ಒಣ ಹಾಸು ಮತ್ತು ತುಂಬಿದ ಹೊಟ್ಟೆ. ದೀಪ ಇವೆರಡಕ್ಕೆ ಸಹಾಯಕವೇ ಹೊರತು ಬದಲಿಯಲ್ಲ.

ಕರು ನಡುಗುವುದನ್ನೂ ನಿಲ್ಲಿಸಿ ಮಂಕಾದರೆ, ಬಾಯಿಯ ಒಳಭಾಗ ತಣ್ಣಗಾದರೆ, ಹಾಲನ್ನು ಬಲವಂತದಿಂದ ಹೊಯ್ಯದೆ ಕೂಡಲೇ ಪಶುವೈದ್ಯರನ್ನು ಕರೆಯಿರಿ. 1962 ಸಹಾಯವಾಣಿಗೂ ತಿಳಿಸಬಹುದು. ಮೂಕಪ್ರಾಣಿ ತನ್ನ ಕಷ್ಟವನ್ನು ಬಾಯಿಬಿಟ್ಟು ಹೇಳಲಾರದು. ಮಲಗುವ ಮುನ್ನ ಒಮ್ಮೆ, ಬೆಳಗಿನ ಜಾವದಲ್ಲಿ ಒಮ್ಮೆ ಕೊಟ್ಟಿಗೆಗೆ ಹೋಗಿ ನೋಡಿ ಬರುವುದನ್ನು ಮನೆಮಂದಿ ರೂಢಿಸಿಕೊಳ್ಳಬೇಕು.