ಕ್ಯಾಶ್ ಮತ್ತು ಕಾಸು

ಪುಣೆಯ ಧನಕವಡಿಯ ನಮ್ಮ ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆಗೆ ಮರಾಠಿ ಚೀಟಿ ಅಂಟಿಸಿದ್ದಾರೆ: ‘ಆಜ್ ರೋಖ್, ಉದ್ಯಾ ಉಧಾರ್.’ ಧಾರವಾಡದವಳಾದ ನನಗೆ ಅದರಲ್ಲಿ ನಮ್ಮ ರೊಕ್ಕ, ಉದ್ರಿ ಎರಡೂ ಕೇಳಿಸುತ್ತವೆ. ಮೊನ್ನೆ ಅಲ್ಲಿ ಕನ್ನಡದ ಹುಡುಗನೊಬ್ಬ, ಇಂಗ್ಲಿಷಿನ ಕ್ಯಾಶ್ ನಮ್ಮ ಕಾಸಿನಿಂದಲೇ ಬಂತು ಎಂದ. ಅದು ಅರ್ಧ ನಿಜ. ನಗದು ಎಂಬರ್ಥದ ಕ್ಯಾಶ್ ಹುಟ್ಟಿದ್ದು ಇಂಥದೇ ಪೆಟ್ಟಿಗೆಯಿಂದ. ಲ್ಯಾಟಿನ್ನಿನ ಕಾಪ್ಸಾ, ಇಟಾಲಿಯನ್ನಿನ ಕಾಸ್ಸಾ ಎಂದರೆ ಪೆಟ್ಟಿಗೆ. ಆ ಹೆಸರು ಒಳಗಿನ ಹಣಕ್ಕೂ ಅಂಟಿತು. ಚಿಲ್ಲರೆ ನಾಣ್ಯದ ಕ್ಯಾಶ್ ಮಾತ್ರ ಬೇರೆಯೇ ಪದ. ತಮಿಳು, ಕನ್ನಡಗಳ ಕಾಸು ಪೋರ್ಚುಗೀಸರ ಬಾಯಿಂದ ಇಂಗ್ಲಿಷಿಗೆ ದಾಟಿತು. 1818ರವರೆಗೆ ಮದ್ರಾಸಿನಲ್ಲಿ 80 ಕ್ಯಾಶಿಗೆ ಒಂದು ಫಣಂ. ಅಷ್ಟು ನಿಜವೇ ಹೆಮ್ಮೆಗೆ ಸಾಕು. ದಯವಿಟ್ಟು ಮಕ್ಕಳಿಗೆ ಎರಡೂ ಕಥೆ ಹೇಳಿ.