ದೊಡ್ಡ ಟೈರು ಹಾಕಿಸಿದರೆ ಮೀಟರು ಸುಳ್ಳು ಹೇಳುತ್ತೆ

ಅಮೆರಿಕದಲ್ಲಿರುವ ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಹದಿನಾರು ತುಂಬುವ ಹೊತ್ತಿಗೆ ಅಪ್ಪನ ಹಳೇ ಕಾರು ಅವರ ಕೈಗೆ ಬಂದಿರುತ್ತದೆ. ಅವರ ಕನ್ನಡ ಮಾತ್ರ "ಊಟ ಆಯ್ತಾ, ಎಷ್ಟೊತ್ತಿಗೆ ಬರ್ತೀಯಾ"ಗಳಿಗೆ ಇಳಿದಿರುತ್ತದೆ. ವಾದ ಶುರುವಾಯಿತೋ, ಅವರೂ ನಾವೂ ಇಂಗ್ಲಿಷಿಗೆ ಹಾರುತ್ತೇವೆ. ಹಾಗಾಗಿ "ಅಪ್ಪಾ, ಈ ಕಾರಿಗೆ ದೊಡ್ಡ ಟೈರು ಹಾಕಿಸೋಣ, ಸಖತ್ತಾಗಿ ಕಾಣುತ್ತೆ" ಎಂಬ ಬೇಡಿಕೆ ನಿಮ್ಮ ಮನೆಯಲ್ಲೂ ಬಂದರೆ ತಕ್ಷಣ ಬೇಡ ಅನ್ನಬೇಡಿ. ಅವರಿಗೆ ಏನೋ ಬೇಕಾಗಿದೆ. ಕನ್ನಡದಲ್ಲಿ ವಾದಕ್ಕೆ ಕೂರಿಸಲು ಇದಕ್ಕಿಂತ ಒಳ್ಳೆಯ ಸಮಯ ಸಿಗದು.

ಮೊದಲು ಕಾರಿನ ಹತ್ತಿರ ಹೋಗಿ, ಟೈರಿನ ಪಕ್ಕದಲ್ಲಿ ಬರೆದಿರುವುದನ್ನು ಅವರಿಂದಲೇ ಓದಿಸಿ. ಅನೇಕ ಸಣ್ಣ ಕಾರುಗಳಲ್ಲಿ 205/55 ಆರ್ 16 ಎಂದಿರುತ್ತದೆ. ಟೈರಿನ ಅಗಲ 205 ಮಿಲಿಮೀಟರ್. ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 55, ಅಂದರೆ ಸುಮಾರು 113. ನಡುವಿನ ರಿಮ್ಮಿನ ವ್ಯಾಸ 16 ಇಂಚು, ಅಂದರೆ 406. ಗೋಡೆ ರಿಮ್ಮಿನ ಮೇಲೂ ಕೆಳಗೂ ಇರುವುದರಿಂದ ಎರಡು ಸಲ ಕೂಡಿಸಬೇಕು. ಒಟ್ಟು ಸುಮಾರು 632 ಮಿಲಿಮೀಟರ್. ಅದೇ ರಿಮ್ಮಿಗೆ 215/60 ಹಾಕಿಸಿದರೆ 664. ನೂರಕ್ಕೆ 5ರಷ್ಟು ದೊಡ್ಡದು.

ಈಗ ಉರುಳುಸೇವೆಯನ್ನು ನೆನಪಿಸಿ. ಊರಿಗೆ ಹೋದಾಗ ದೇವಸ್ಥಾನದಲ್ಲಿ ನೋಡಿದ್ದಾರು. ಒಂದೇ ಪ್ರಾಕಾರವನ್ನು ಡೊಳ್ಳುಹೊಟ್ಟೆಯ ಮಾವ ಸುತ್ತಿದರೆ ಎಷ್ಟು ಉರುಳು, ಸಣಕಲು ಹುಡುಗ ಸುತ್ತಿದರೆ ಎಷ್ಟು? ಮಾವನಿಗೆ ಕಡಿಮೆ ಸಾಕು. ಕಾರಿನ ಮೀಟರೂ ರಸ್ತೆಯನ್ನು ನೋಡುವುದಿಲ್ಲ, ಉರುಳು ಎಣಿಸುತ್ತದೆ. ಒಂದು ಉರುಳಿಗೆ ಇಷ್ಟು ದೂರ ಎಂಬ ಲೆಕ್ಕ ಕಾರ್ಖಾನೆಯಲ್ಲೇ ಅದಕ್ಕೆ ತುಂಬಿಸಿದ್ದು. ಟೈರು ದೊಡ್ಡದಾದ ಸುದ್ದಿಯನ್ನು ಯಾರೂ ಅದಕ್ಕೆ ಹೇಳಿಲ್ಲ. ಮೊದಲು ಮೀಟರು ಸರಿಯಿತ್ತು ಎಂದುಕೊಂಡರೆ, ಈಗ ಅದು 65 ತೋರಿಸುವಾಗ ಕಾರು ಓಡುತ್ತಿರುವುದು 68 ಮೈಲಿ ವೇಗದಲ್ಲಿ. ಮೂರು ಮೈಲಿ ತಾನೇ ಎನ್ನುತ್ತಾರೆ, ಖಂಡಿತ. ಆದರೆ ಶಕ್ತಿ ವೇಗದ ವರ್ಗದಂತೆ ಏರುತ್ತದೆ. ವೇಗ ನೂರಕ್ಕೆ 5 ಏರಿದರೆ ಬ್ರೇಕು ನುಂಗಬೇಕಾದ ಶಕ್ತಿ ನೂರಕ್ಕೆ 10 ಏರುತ್ತದೆ. ಲೈಸೆನ್ಸ್ ಬಂದು ತಿಂಗಳಾಗದ ಕೈಗೆ ಇದು ಸಣ್ಣ ವಿಷಯ ಅಲ್ಲ. ಓಡಿದ ದೂರವನ್ನೂ ಮೀಟರು ಕಡಿಮೆಯೇ ಬರೆಯುತ್ತದೆ: 10,000 ಮೈಲಿ ಓಡಿದರೆ ಸುಮಾರು 9,500.

ವಾದದ ನಡುವೆ ಟೈರು, ರಿಮ್ಮು, ಗೇರು, ಬ್ರೇಕು ಬಂದರೆ ತಿದ್ದಲು ಹೋಗಬೇಡಿ. ಊರಲ್ಲಿ ಪಂಕ್ಚರ್ ಅಂಗಡಿಯವರೂ ಹಾಗೇ ಅನ್ನುವುದು. 'ವ್ಯಾಸ' ಬಾರದಿದ್ದರೂ ಅಡ್ಡಿಯಿಲ್ಲ. ನೀವು ಹಿಡಿದುಕೊಳ್ಳಬೇಕಾದದ್ದು "ಟೈರು ದೊಡ್ಡದಾದಷ್ಟೂ ಸುತ್ತು ಕಡಿಮೆ", "ಹಾಕಿಸಿದರೆ ಹೀಗಾಗುತ್ತೆ, ಹಾಕಿಸದೇ ಇದ್ದರೆ ಹಾಗೆ" ಎಂಬಂಥ ವಾಕ್ಯಗಳನ್ನು. ಆದಷ್ಟೂ, ಆದರೆ, ಆದರೂ, ಆದ್ದರಿಂದ: ಯೋಚನೆಯ ಕೀಲುಗಳು ಇವು. ನಮ್ಮ ಮಕ್ಕಳ ಕನ್ನಡದಿಂದ ಮೊದಲು ಉದುರುವುದು ಇವೇ ಎಂದು ನನಗನಿಸುತ್ತದೆ. ನಾಮಪದ ಯಾವಾಗ ಬೇಕಾದರೂ ಕಲಿಯಬಹುದು.

ಎಳೆತದ ವಿಷಯಕ್ಕೆ ಸೈಕಲ್ ಸಾಕು. ಭಾರದ ಗೇರಿನಲ್ಲಿ ಏರು ಹತ್ತಿದಂತೆ, ದೊಡ್ಡ ಟೈರಿನ ಕಾರು ನಿಂತಲ್ಲಿಂದ ಹೊರಡಲು ಸ್ವಲ್ಪ ತಿಣುಕುತ್ತದೆ. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಟೈರು ಒಳಗೆ ಎಲ್ಲಾದರೂ ಉಜ್ಜುವುದೂ ಉಂಟು.

ಲಾಭ ಇಲ್ಲವೇ ಇಲ್ಲ ಎನ್ನಬೇಡಿ, ಮಕ್ಕಳು ನಂಬುವುದಿಲ್ಲ. ಭಾನುವಾರದ ವಿಡಿಯೋ ಕರೆಯಲ್ಲಿ ಎತ್ತಿನ ಗಾಡಿಯ ಗಾಲಿ ಯಾಕೆ ಅಷ್ಟು ದೊಡ್ಡದಿರುತ್ತಿತ್ತು ಎಂದು ಅಜ್ಜನನ್ನೇ ಕೇಳಲಿ. ದೊಡ್ಡ ಗಾಲಿ ಗುಂಡಿ, ಕಲ್ಲುಗಳನ್ನು ಸುಲಭವಾಗಿ ದಾಟುತ್ತದೆ. ಆದರೆ ನಮ್ಮ ಕಾರಿನ ಲೆಕ್ಕದಲ್ಲಿ ವ್ಯಾಸ ಹೆಚ್ಚಿದ್ದು 32 ಮಿಲಿಮೀಟರ್, ಕಾರು ಮೇಲೇಳುವುದು ಅದರ ಅರ್ಧ, 16. ಒಂದು ಬೆರಳಿನ ದಪ್ಪ!

ಬರೀ ಚೆಂದಕ್ಕಾದರೆ ಬೇರೆ ದಾರಿಯಿದೆ. ರಿಮ್ಮು ದೊಡ್ಡದು ಮಾಡಿ ಟೈರಿನ ಗೋಡೆ ಗಿಡ್ಡ ಮಾಡುವುದು. 225/45 ಆರ್ 17ರ ಲೆಕ್ಕವನ್ನು ಅವರೇ ಹಾಕಲಿ, 634 ಬರಬೇಕು. ಮೀಟರಿಗೆ ವ್ಯತ್ಯಾಸ ಗೊತ್ತಾಗದು. ಗುಂಡಿಗೆ ಬಿದ್ದಾಗ ನಿಮ್ಮ ಸೊಂಟಕ್ಕೆ ಗೊತ್ತಾಗುತ್ತದೆ, ರಿಮ್ಮಿಗೂ ಏಟು ಬೇಗ ಬೀಳುತ್ತದೆ. ಏನೇ ಆದರೂ ಚಾಲಕನ ಬಾಗಿಲು ತೆರೆದರೆ ಕಾಣುವ ಚೀಟಿಯಲ್ಲಿ ಆ ಕಾರಿಗೆ ಹೇಳಿರುವ ಅಳತೆಯನ್ನು ಓದದೆ ಅಂಗಡಿಗೆ ಹೋಗಬೇಡಿ.

ಈ ತಿಂಗಳ ಪ್ರಶ್ನೆ ಮಕ್ಕಳಿಗೆ. ಹೊಸ ಟೈರಿನ ಮೇಲ್ಮೈಯಲ್ಲಿ ಸುಮಾರು 8 ಮಿಲಿಮೀಟರ್ ಆಳದ ಗೆರೆಗಳಿರುತ್ತವೆ. ಸವೆದು ಸವೆದು 2ಕ್ಕೆ ಬಂದಾಗ ಮೀಟರು ನಿಜಕ್ಕಿಂತ ಹೆಚ್ಚು ತೋರಿಸುತ್ತದೋ, ಕಡಿಮೆಯೋ? ಯಾಕೆ? ಉತ್ತರವನ್ನು ಬರೆಯುವುದು ಬೇಡ, ಕನ್ನಡದಲ್ಲಿ ಹೇಳಿಸಿ ಧ್ವನಿಮುದ್ರಿಸಿ ಕಳುಹಿಸಿ. ಯಾಕೆ ಎಂಬುದಕ್ಕೆ ಉತ್ತರ ಇಲ್ಲದಿದ್ದರೆ ವಾಪಸ್ ಕಳಿಸುತ್ತೇನೆ.